ನೀಲಿ ನೀರು, ಬಿಳಿ ಪುಡಿ

ಈ ನೀಲಿ ನೋಡಿ. ಒಂದು ಲೀಟರ್ ನೀರಿಗೆ ಬರೀ 10 ಮಿಲಿಗ್ರಾಂ ಮೆಥಿಲೀನ್ ಬ್ಲೂ ಎಂಬ ಬಣ್ಣ, ಅಷ್ಟಕ್ಕೇ ಇಷ್ಟು ಗಾಢ. ಇಂಥ ನೀರು ಹೊಳೆಗೆ ಸೇರಿದರೆ ತಳದ ಗಿಡಗಳಿಗೆ ಬೆಳಕು ಹೇಗೆ ಸಿಗಬೇಕು? ಅದಕ್ಕೇ ಬಿಳಿ ಪುಡಿ ಹಾಕಿ, ಬೆಳಕು ಬಿಟ್ಟು ನೀರಿನ ಬಣ್ಣ ಮುರಿಯುವ ಈ ಕೆಲಸ ನನಗೆ ಇಷ್ಟ.

ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಪೇಂಟಿನಲ್ಲೂ ಇದೇ ಇರುತ್ತದೆ. ನನ್ನ ಪುಡಿಯ ಕಣಗಳು ಸುಮಾರು 20 ನ್ಯಾನೊಮೀಟರ್. ಯುವಿ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿದ್ದರೆ ಕಣದೊಳಗೆ ಎಲೆಕ್ಟ್ರಾನ್ ಜಿಗಿಯುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ. ಇವೆರಡೂ ನೀರು, ಆಮ್ಲಜನಕದ ಜೊತೆ ಸೇರಿ ಹುಟ್ಟಿಸುವ, ಬಹಳ ಚುರುಕಾಗಿ ಪ್ರತಿಕ್ರಿಯಿಸುವ ರ‍್ಯಾಡಿಕಲ್‌ಗಳು ಬಣ್ಣದ ಅಣುವನ್ನು ಚೂರು ಚೂರು ಮಾಡುತ್ತವೆ.

ಈಗ ಪುಡಿ ಹಾಕಿದ ನೀಲಿ ನೀರು ಅರ್ಧ ಗಂಟೆ ಕತ್ತಲಲ್ಲೇ ತಿರುಗುತ್ತಿದೆ. ಇದನ್ನು ಬಿಡಲೇಬಾರದು. ಬಣ್ಣ ಸುಮ್ನೆ ಪುಡಿಗೆ ಅಂಟಿಕೊಂಡರೂ ನೀರು ತಿಳಿಯಾಗುತ್ತದೆ. ಅದನ್ನೂ ಬೆಳಕಿನ ಲೆಕ್ಕಕ್ಕೆ ಸೇರಿಸಿದರೆ ಸುಳ್ಳು ಹೇಳಿದಂತೆ.

ದೀಪ ಹಾಕಿಯಾಯಿತು. ಹೋದ ವಾರದ ಕಥೆ ಹೇಳಲೇಬೇಕು. 30ನೇ ನಿಮಿಷದ ಸ್ಯಾಂಪಲ್ ತೆಗೆದು ಯಂತ್ರದಲ್ಲಿಟ್ಟು, ಈ ಬಣ್ಣ ಹೆಚ್ಚು ಹೀರುವ ಬೆಳಕಿನಲ್ಲಿ, ಅಂದರೆ 664 ನ್ಯಾನೊಮೀಟರ್‌ನಲ್ಲಿ ನೋಡಿದರೆ, ಅಳತೆ ಶುರುವಿಗಿಂತ ಜಾಸ್ತಿ! ಬಣ್ಣ ಕಡಿಮೆಯಾಗಬೇಕಲ್ವಾ? ದೀಪದ್ದೇ ತಪ್ಪು ಅಂದುಕೊಂಡೆ, ಬದಲಾಯಿಸಿದೆ. ಮತ್ತೆ ಅದೇ. ಹೊಸದಾಗಿ ಬಣ್ಣ ತೂಗಿದೆ. ಮತ್ತೆ ಅದೇ. ಇಡೀ ಮಧ್ಯಾಹ್ನ ಹೋಯಿತು. ಕೊನೆಗೆ ಸ್ಯಾಂಪಲ್ ತುಂಬಿದ ಪುಟ್ಟ ಪಾತ್ರೆ, ಕ್ಯುವೆಟ್, ಎತ್ತಿ ಕಿಟಕಿಗೆ ಹಿಡಿದೆ. ನೀಲಿಯೊಳಗೆ ತೆಳುವಾಗಿ ಹಾಲಿನಂಥ ಮಬ್ಬು. ಪುಡಿ ಪೂರ್ತಿ ಇಳಿದಿರಲಿಲ್ಲ! ಉಳಿದ ಕಣಗಳು ಬೆಳಕನ್ನು ಚದುರಿಸುತ್ತಿದ್ದವು, ಯಂತ್ರ ಅದನ್ನೇ ಬಣ್ಣ ಅಂತ ಓದುತ್ತಿತ್ತು. ಸೆಂಟ್ರಿಫ್ಯೂಜ್‌ನಲ್ಲಿ ಇನ್ನೂ 10 ನಿಮಿಷ ಜೋರಾಗಿ ತಿರುಗಿಸಿದ ಮೇಲೆ ಟ್ಯೂಬಿನ ತಳದಲ್ಲಿ ಬಿಳಿ ಕಲೆ ಕೂತಿತು, ಮೇಲಿನ ನೀರು ಶುಭ್ರ.

ಆವತ್ತು ಪುಡಿಯೇ ಬೇಡ, ಗಾಜಿನ ಮೇಲೆ ಲೇಪಿಸುವುದೇ ಸರಿ ಅಂದಿದ್ದೆ. ಲೇಪ ಮಾಡಿ ನೋಡಿದರೆ ತುಂಬಾ ನಿಧಾನ. ನೀರಿಗೆ ತಾಗುವ ಮೈಯೇ ಕಡಿಮೆಯಾಗುತ್ತದೆ. ಸದ್ಯಕ್ಕೆ ಪುಡಿಯೇ ವಾಸಿ.

ಬಿಸಿಲಲ್ಲೇ ಇಡಬಹುದಲ್ಲ ಅಂತೀರಾ? ಇಡಬಹುದು. ಆದರೆ ಬಿಸಿಲಿನಲ್ಲಿ ಯುವಿ ಪಾಲು ಶೇಕಡ 5ರಷ್ಟೇ. ಬದಲಿಗೆ ಬಳಸಬಹುದಾದ ಇನ್ನೊಂದು ಪುಡಿ ಜಿಂಕ್ ಆಕ್ಸೈಡ್‌ಗೂ ಯುವಿಯೇ ಬೇಕು, ಮೇಲಾಗಿ ಆಮ್ಲದ ನೀರಲ್ಲಿ ಅದು ಕರಗಿಹೋಗುತ್ತದೆ.

ಅಯ್ಯೋ, 60 ನಿಮಿಷ ಆಗೇಹೋಯಿತು. ನೋಡಿ, ನೀಲಿ ಹೆಚ್ಚುಕಡಿಮೆ ಹೋಗಿದೆ. ಆದರೆ ಈ ಬಣ್ಣ ಮುರಿಯದೆಯೂ ಬಿಳಿಚಿಕೊಳ್ಳಬಲ್ಲದು. ನೀರಿನಲ್ಲಿ ಬಣ್ಣದ ಇಂಗಾಲ ಎಷ್ಟು ಉಳಿದಿದೆ ಅಂತ ಅಳೆಯುವವರೆಗೆ ಅಣು ಮುರಿದಿದೆ ಅಂತ ನಾನು ಒಪ್ಪುವುದಿಲ್ಲ. ಬನ್ನಿ, ಮೊದಲು ಸ್ಯಾಂಪಲ್ ತೆಗೆಯೋಣ.