ಕಬ್ಬಾಲಾ ಓದಬೇಕೇ? ಜೋಹರ್ ಆಮೇಲೆ

ಎಲ್ಲರಿಗೂ ನಮಸ್ಕಾರ.

ಕಬ್ಬಾಲಾ ಬಗ್ಗೆ ತಿಳಿಯಬೇಕು ಅಂತ ಆಸೆಪಟ್ಟವರಲ್ಲಿ ಎಷ್ಟೋ ಜನ ಮೊದಲು ಹುಡುಕುವುದು ಜೋಹರ್. ಅದೇ ದೊಡ್ಡ ಗ್ರಂಥ, ನೇರವಾಗಿ ಅದನ್ನೇ ಓದಿಬಿಡೋಣ ಅನ್ನುವ ಲೆಕ್ಕ. ಇನ್ನು ಕೆಲವರು, ಮುಖಪುಟದ ಮೇಲೆ 'ರಹಸ್ಯ' ಅಂತ ದೊಡ್ಡದಾಗಿ ಬರೆದಿರುವ ಯಾವುದೋ ಪುಸ್ತಕ ಕೊಂಡು ತರುತ್ತಾರೆ. ಎರಡೂ ಬೇಡ ಅನ್ನುತ್ತೇನೆ ನಾನು. ಶುರುವಿಗೆ ಎರಡು ಸಣ್ಣ ಪುಸ್ತಕ ಸಾಕು. ಒಂದು, ಇತಿಹಾಸ ಬಲ್ಲವರು ಹೊರಗೆ ನಿಂತು ಬರೆದದ್ದು. ಇನ್ನೊಂದು, ಕಬ್ಬಾಲಾವನ್ನೇ ಉಸಿರಾಡಿದ ಗುರುವೊಬ್ಬರು ತಮ್ಮ ಜನರಿಗಾಗಿ ಬರೆದದ್ದು. ಎರಡನ್ನೂ ಒಟ್ಟಿಗೇ ಓದಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧಕ್ಕೇ ನಿಲ್ಲುತ್ತದೆ.

ಪೂರ್ತಿ ಹೊಸಬರಿಗೆ ಮೊದಲು ನಾಲ್ಕು ಮಾತು. ಕಬ್ಬಾಲಾ ಅನ್ನುವುದು ಯಹೂದಿ ಧರ್ಮದ ಒಳಗೇ ಹುಟ್ಟಿದ ಅನುಭಾವದ ಪರಂಪರೆ. ಇವತ್ತು ನಾವು ಗುರುತಿಸುವ ರೂಪ ಅದಕ್ಕೆ ಬಂದದ್ದು 12ನೇ ಶತಮಾನದ ಕೊನೆಯಲ್ಲಿ, ದಕ್ಷಿಣ ಫ್ರಾನ್ಸಿನಲ್ಲಿ. ಅಲ್ಲಿಂದ ಸ್ಪೇನಿನ ಗಿರೋನಾಗೆ ಬಂತು, ಆಮೇಲೆ ಕಾಸ್ಟೀಲ್‌ಗೆ. 1492ರಲ್ಲಿ ಯಹೂದಿಗಳನ್ನು ಸ್ಪೇನಿನಿಂದ ಹೊರಗಟ್ಟಿದರು. ಮುಂದಿನ ಶತಮಾನದಲ್ಲಿ ಗಲಿಲಾಯದ (ಇವತ್ತಿನ ಉತ್ತರ ಇಸ್ರೇಲ್) ಸಫೆದ್ ಅನ್ನುವ ಬೆಟ್ಟದ ಊರು ಇದರ ಕೇಂದ್ರವಾಯಿತು. ದೇವರ ನಿಜಸ್ವರೂಪ ಯಾರಿಗೂ ಎಟುಕದ್ದು, ಅದನ್ನು ಐನ್ ಸೋಫ್ ಅನ್ನುತ್ತಾರೆ. ಆ ದೇವರು ತೋರಿಬರುವ ಹತ್ತು ಬಗೆಗಳು ಸೆಫಿರೋತ್. ಅದರಲ್ಲಿ ಕರುಣೆಯೂ ಇದೆ, ದಂಡನೆಯೂ ಇದೆ. ಮನುಷ್ಯ ಇಲ್ಲಿ ಮಾಡುವ ಒಂದೊಂದು ಕೆಲಸವೂ ಅಲ್ಲಿ ಮೇಲೆ ತಟ್ಟುತ್ತದೆ ಅನ್ನುವ ನಂಬಿಕೆಯೇ ಈ ಪರಂಪರೆಯ ಜೀವಾಳ.

ಹಾಗಾದರೆ ಜೋಹರ್ ಯಾಕೆ ಈಗಲೇ ಬೇಡ? ಅದನ್ನು ಬರೆದದ್ದೇ ಹೊಸಬರಿಗಲ್ಲ. ಅದು ಬಹುಪಾಲು ತೋರಾದ ಮೇಲಿನ ವ್ಯಾಖ್ಯಾನ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳ ಮೇಲಿನದು. ಭಾಷೆ ಅರಾಮಿಕ್. ಶಿಮೋನ್ ಬಾರ್ ಯೋಹಾಯ್ ಅನ್ನುವ 2ನೇ ಶತಮಾನದ ಗುರು ಮತ್ತು ಅವರ ಗೆಳೆಯರು ಗಲಿಲಾಯದ ದಾರಿಗಳಲ್ಲಿ ನಡೆಯುತ್ತಾ, ಒಂದೊಂದು ವಾಕ್ಯವನ್ನು ಹಿಡಿದು ಬಿಡಿಸುತ್ತಾ ಹೋಗುತ್ತಾರೆ. ಅಚ್ಚಾದ ಜೋಹರ್‌ನ ಪೀಠಿಕೆ ಶುರುವಾಗುವುದು ಪರಮಗೀತೆಯ ಸಾಲಿನಿಂದ, ಮುಳ್ಳುಗಳ ನಡುವಿನ ಹೂವಿನಿಂದ. ಆ ಹೂವು ಇಸ್ರಾಯೇಲ್ಯರ ಸಮುದಾಯ ಅನ್ನುತ್ತದೆ. ಅದರಲ್ಲಿ ಕೆಂಪು ಇದೆ, ಬಿಳುಪು ಇದೆ, ಅಂದರೆ ದಂಡನೆ ಮತ್ತು ಕರುಣೆ. ಅದಕ್ಕೆ 13 ಎಸಳು, ದೇವರ ಕರುಣೆಗೆ 13 ಗುಣ. ಅಲ್ಲಿಂದ ನೇರವಾಗಿ ಆದಿಕಾಂಡದ ಮೊದಲ ವಾಕ್ಯಕ್ಕೆ ಹಾರುತ್ತದೆ. ಹೀಬ್ರೂ ಮೂಲದಲ್ಲಿ ದೇವರ ಹೆಸರು ಮೊದಲ ಸಲ ಬಂದು ಎರಡನೇ ಸಲ ಬರುವಷ್ಟರಲ್ಲಿ ನಡುವೆ ಸರಿಯಾಗಿ 13 ಪದಗಳಿವೆ. ಇದೆಲ್ಲ ಮೊದಲ ಕೆಲವು ಸಾಲುಗಳಲ್ಲೇ! ಆದಿಕಾಂಡ ಬಾಯಿಪಾಠ ಇದ್ದವರಿಗೆ, ಸೆಫಿರೋತ್ ಪರಿಚಯ ಇದ್ದವರಿಗೆ ಇದು ರೋಮಾಂಚನ. ಇಲ್ಲದವರಿಗೆ, ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಿಲ್ಲದೆ ಮದುವೆಮನೆಯಲ್ಲಿ ಕೂತ ಹಾಗೆ. ಎಲ್ಲರೂ ಮಾತಾಡುತ್ತಿರುತ್ತಾರೆ, ನಮಗೆ ಒಂದೂ ಹತ್ತುವುದಿಲ್ಲ.

ಅದಕ್ಕೇ ಯಾವ ಪುಸ್ತಕ ಕೊಳ್ಳುವುದಕ್ಕೂ ಮುಂಚೆ ಬೈಬಲಿನ ಹಳೆಯ ಒಡಂಬಡಿಕೆ ತೆಗೆದುಕೊಳ್ಳಿ. ಕನ್ನಡದಲ್ಲೇ ಸಿಗುತ್ತದೆ. ಆದಿಕಾಂಡದ ಮೊದಲ ಮೂರು ಅಧ್ಯಾಯ, ಯೆಹೆಜ್ಕೇಲನ ಮೊದಲ ಅಧ್ಯಾಯ, ಪರಮಗೀತೆ, ಇಷ್ಟನ್ನು ನಿಧಾನವಾಗಿ ಓದಿ. ಯೆಹೆಜ್ಕೇಲ ಕಂಡ ರಥದ ದರ್ಶನದ ಮೇಲೆ ಕಬ್ಬಾಲಾಕ್ಕಿಂತ ಎಷ್ಟೋ ಶತಮಾನ ಮೊದಲೇ ಯಹೂದಿ ಸಾಧಕರು ಧ್ಯಾನ ಮಾಡುತ್ತಿದ್ದರು. ಈ ಅಡಿಪಾಯ ಇಲ್ಲದೆ ಕಬ್ಬಾಲಾ ಕಲಿಸುತ್ತೇನೆ ಅನ್ನುವ ಪುಸ್ತಕವನ್ನು ನಾನು ನಂಬುವುದಿಲ್ಲ.

ಇನ್ನು ಹೊರಗಿನವರ ಪುಸ್ತಕ ಯಾಕೆ ಬೇಕು ಅನ್ನುವುದಕ್ಕೆ ಒಂದು ಹಳೆಯ ಘಟನೆ ಹೇಳಬೇಕು. ಜೋಹರ್ ಜನರ ಕೈಗೆ ಬರತೊಡಗಿದ್ದು 13ನೇ ಶತಮಾನದ ಕೊನೆಯಲ್ಲಿ, ಸ್ಪೇನಿನಲ್ಲಿ. ಅದರ ಭಾಗಗಳನ್ನು ಹಂಚುತ್ತಿದ್ದವರು ಮೋಸೆಸ್ ದೆ ಲಿಯೋನ್. ಶಿಮೋನ್ ಬಾರ್ ಯೋಹಾಯ್ ಅವರ ಹಳೆಯ ಗ್ರಂಥ ತನ್ನ ಹತ್ತಿರ ಇದೆ, ಅದರಿಂದ ಪ್ರತಿ ಮಾಡುತ್ತಿದ್ದೇನೆ ಅಂತ ಅವರು ಹೇಳುತ್ತಿದ್ದರು. ಐಸಾಕ್ ಆಫ್ ಏಕರ್ ಅನ್ನುವ ಕಬ್ಬಾಲಾ ಸಾಧಕರು ಇದು ನಿಜವೇ ಅಂತ ತಿಳಿಯಲು 1305ರಲ್ಲಿ ಅಲ್ಲಿಗೆ ಬಂದರು. ವಯ್ಯಾಡೊಲಿಡ್‌ನಲ್ಲಿ ಮೋಸೆಸ್ ಸಿಕ್ಕರು. ಆ ಗ್ರಂಥ ಆವಿಲಾದ ನನ್ನ ಮನೆಯಲ್ಲಿದೆ, ಬನ್ನಿ ತೋರಿಸುತ್ತೇನೆ ಅಂತ ಆಣೆ ಮಾಡಿದರು. ಆದರೆ ಊರಿಗೆ ಹಿಂತಿರುಗುವಾಗ ದಾರಿಯಲ್ಲೇ, ಅರೆವಾಲೊದಲ್ಲಿ ತೀರಿಕೊಂಡರು. ಐಸಾಕ್ ಆವಿಲಾಗೆ ಹೋದಾಗ ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ಆ ಮೂಲ ಪ್ರತಿ ಕೊಟ್ಟರೆ ನಿನ್ನ ಮಗಳನ್ನು ನಮ್ಮ ಮಗನಿಗೆ ತಂದುಕೊಳ್ಳುತ್ತೇವೆ ಅಂತ ಊರಿನ ಶ್ರೀಮಂತನೊಬ್ಬನ ಹೆಂಡತಿ ಮೋಸೆಸ್ ಅವರ ವಿಧವೆಗೆ ಹೇಳಿದ್ದಳಂತೆ. ಅಂಥ ಗ್ರಂಥ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ, ನನ್ನ ಗಂಡ ಎಲ್ಲವನ್ನೂ ತನ್ನ ತಲೆಯಿಂದಲೇ ಬರೆದ ಅಂದಳಂತೆ ಆ ವಿಧವೆ. ಯಾಕೆ ಹಾಗೆ ಮಾಡಿದ ಅಂದರೆ, ತನ್ನದು ಅಂತ ಹೇಳಿದರೆ ಯಾರೂ ಕಾಸು ಕೊಡುವುದಿಲ್ಲ ಅಂತ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಈ ವಿವರ ನಮಗೆ ಸಿಕ್ಕಿರುವುದು ಎರಡು ಶತಮಾನ ಕಳೆದು ಇನ್ನೊಬ್ಬರು ಬರೆದ ಗ್ರಂಥದಲ್ಲಿ. ಅಲ್ಲೂ ಅದು ನಡುವೆಯೇ ನಿಂತುಹೋಗುತ್ತದೆ. ಐಸಾಕ್ ಕೊನೆಗೆ ಏನು ತೀರ್ಮಾನಕ್ಕೆ ಬಂದರು ಅನ್ನುವುದು ಅದರಲ್ಲಿ ಇಲ್ಲ. ಗರ್ಶೋಮ್ ಶೋಲೆಮ್ ಅನ್ನುವ ದೊಡ್ಡ ವಿದ್ವಾಂಸರು ಮೊದಲು ಮೋಸೆಸ್ ಇದನ್ನು ಬರೆದಿರಲಾರರು ಅನ್ನುವ ಕಡೆ ವಾಲಿದ್ದರು. ವರ್ಷಗಟ್ಟಲೆ ಭಾಷೆಯನ್ನು ಜಾಲಾಡಿದ ಮೇಲೆ ಅವರೇ ಬರೆದದ್ದು ಅಂತ ಅಭಿಪ್ರಾಯ ಬದಲಿಸಿದರು. ಆಮೇಲೆ ಯೆಹುದಾ ಲೀಬೆಸ್ ಅನ್ನುವ ಇನ್ನೊಬ್ಬ ವಿದ್ವಾಂಸರು ಬಂದು, ಇದು ಒಬ್ಬರ ಕೆಲಸ ಅಲ್ಲ, ಒಂದು ಗುಂಪಿನ ಕೆಲಸ ಅಂದರು. ಇತ್ತ ಲಕ್ಷಾಂತರ ಯಹೂದಿ ಭಕ್ತರಿಗೆ ಜೋಹರ್ ಇವತ್ತಿಗೂ ಶಿಮೋನ್ ಬಾರ್ ಯೋಹಾಯ್ ಅವರದ್ದೇ. ಮೆರೋನ್‌ನಲ್ಲಿರುವ ಅವರ ಸಮಾಧಿಗೆ ಪ್ರತಿ ವರ್ಷ ಲಾಗ್ ಬಾಓಮರ್ ಅನ್ನುವ ಹಬ್ಬದ ದಿನ ಜನಸಾಗರವೇ ಬರುತ್ತದೆ.

ಈ ಜಗಳವನ್ನು ಮುಚ್ಚಿಡುವ ಪುಸ್ತಕ ನಿಮ್ಮ ಮೊದಲ ಪುಸ್ತಕ ಆಗಬಾರದು. ಯಾರು ಬರೆದರು, ಯಾವಾಗ, ಯಾವ ಊರಲ್ಲಿ, ಯಾವ ಭಾಷೆಯಲ್ಲಿ, ಯಾರು ಒಪ್ಪುವುದಿಲ್ಲ, ಇಷ್ಟನ್ನು ಹೇಳುವ ಪುಸ್ತಕ ಬೇಕು. ಸಣ್ಣದು ಬೇಕಾದರೆ ಯೋಸೆಫ್ ಡಾನ್ ಬರೆದ 'ಕಬ್ಬಾಲಾ: ಎ ವೆರಿ ಶಾರ್ಟ್ ಇಂಟ್ರೊಡಕ್ಷನ್'. ಆಕ್ಸ್‌ಫರ್ಡ್‌ನವರ ಪುಟ್ಟ ಪುಸ್ತಕ, ಒಂದು ವಾರದಲ್ಲಿ ಮುಗಿಯುತ್ತದೆ. ಕಬ್ಬಾಲಾ ಅಂದರೆ ಒಂದೇ ಸಿದ್ಧಾಂತ ಅಲ್ಲ, ಬೇರೆ ಬೇರೆ ಕಾಲದ ಜನ ಬೇರೆ ಬೇರೆ ಅರ್ಥದಲ್ಲಿ ಬಳಸಿದ್ದಾರೆ ಅನ್ನುವುದು ಅದರಿಂದ ಚೆನ್ನಾಗಿ ತಲೆಗೆ ಹೋಗುತ್ತದೆ.

ಆಮೇಲೆ ಶೋಲೆಮ್ ಅವರ 'ಮೇಜರ್ ಟ್ರೆಂಡ್ಸ್ ಇನ್ ಜ್ಯೂಯಿಷ್ ಮಿಸ್ಟಿಸಿಸಮ್'. 1938ರಲ್ಲಿ ನ್ಯೂಯಾರ್ಕಿನಲ್ಲಿ ಕೊಟ್ಟ ಉಪನ್ಯಾಸಗಳಿಂದ ಬೆಳೆದ ಪುಸ್ತಕ, 1941ರಲ್ಲಿ ಬಂತು. ಅಲ್ಲಿಯವರೆಗೆ ಎಷ್ಟೋ ಯಹೂದಿ ಪಂಡಿತರೇ ಕಬ್ಬಾಲಾವನ್ನು ಮೂಢನಂಬಿಕೆ ಅಂತ ಬದಿಗೆ ತಳ್ಳಿದ್ದರು. ಬರ್ಲಿನ್‌ನಲ್ಲಿ ಹುಟ್ಟಿ 1923ರಲ್ಲಿ ಜೆರುಸಲೇಮಿಗೆ ಹೋದ ಈ ಮನುಷ್ಯ, ಧೂಳು ಹಿಡಿದ ಹಸ್ತಪ್ರತಿಗಳನ್ನು ಒಂದೊಂದಾಗಿ ಓದಿ ಒಂದು ಅಧ್ಯಯನ ಕ್ಷೇತ್ರವನ್ನೇ ಕಟ್ಟಿದರು. ಅದನ್ನು ನೆನೆದರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಆದರೆ ಪುಸ್ತಕ ಸುಲಭದ್ದಲ್ಲ. ಒಂಬತ್ತು ಉಪನ್ಯಾಸಗಳಿವೆ. ಮೊದಲಿನಿಂದ ಹತ್ತಲು ಹೋಗಬೇಡಿ. ಐದು ಮತ್ತು ಆರನೆಯದು ಜೋಹರ್ ಮೇಲೆ, ಏಳನೆಯದು ಸಫೆದ್‌ನ ಐಸಾಕ್ ಲೂರಿಯಾ ಮೇಲೆ. ಈ ಮೂರನ್ನು ಮೊದಲು ಓದಿ. ಲೂರಿಯಾ ಪಂಥದ ಕಥೆಯಲ್ಲಿ ದೇವರು ತನ್ನನ್ನೇ ಒಳಗೆ ಸೆಳೆದುಕೊಂಡು ಜಗತ್ತಿಗೆ ಜಾಗ ಬಿಡುತ್ತಾನೆ, ಬೆಳಕು ಹಿಡಿದ ಪಾತ್ರೆಗಳು ಒಡೆಯುತ್ತವೆ, ಚೂರುಗಳನ್ನು ಸರಿಪಡಿಸುವ ಹೊಣೆ ಮನುಷ್ಯನ ಮೇಲೆ ಬೀಳುತ್ತದೆ. ಸ್ಪೇನಿನಿಂದ ಹೊರಬಿದ್ದ ಜನರ ನೋವೇ ಈ ಕಥೆಯಲ್ಲಿ ಮಾತಾಡುತ್ತಿದೆ ಅನ್ನುತ್ತಾರೆ ಶೋಲೆಮ್. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇದನ್ನೂ ಎಲ್ಲರೂ ಒಪ್ಪಿಲ್ಲ. ಮೋಶೆ ಇಡೆಲ್ 1988ರಲ್ಲಿ ಬರೆದ 'ಕಬ್ಬಾಲಾ: ನ್ಯೂ ಪರ್ಸ್ಪೆಕ್ಟಿವ್ಸ್'ನಿಂದ ಶುರುವಾಗಿ ಶೋಲೆಮ್ ಅವರ ಹಲವು ತೀರ್ಮಾನಗಳಿಗೆ ಸವಾಲು ಬಿದ್ದಿದೆ. ಇಡೆಲ್ ಅವರನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಈಗ ಒಳಗಿನವರ ಪುಸ್ತಕ. ಇಲ್ಲಿ ನನ್ನ ಆಯ್ಕೆ ಒಂದೇ. ಮೋಶೆ ಕಾರ್ಡೊವೆರೊ ಬರೆದ 'ತೋಮೆರ್ ದೆವೋರಾ'. ಕಾರ್ಡೊವೆರೊ ಸಫೆದ್‌ನವರು, 1522ರಿಂದ 1570ರವರೆಗೆ ಬದುಕಿದ್ದರು. ಇಡೀ ಕಬ್ಬಾಲಾವನ್ನು ಒಂದು ಚೌಕಟ್ಟಿಗೆ ತರುವ ದೊಡ್ಡ ದೊಡ್ಡ ಗ್ರಂಥ ಬರೆದವರು. ಇದು ಮಾತ್ರ ಪುಟ್ಟದು, ಹತ್ತೇ ಅಧ್ಯಾಯ. ಲೂಯಿಸ್ ಜೇಕಬ್ಸ್ ಅವರ ಇಂಗ್ಲಿಷ್ ಅನುವಾದ 'ದಿ ಪಾಮ್ ಟ್ರೀ ಆಫ್ ಡೆಬೊರಾ' 1960ರಿಂದ ಇದೆ.

ಇದರಲ್ಲಿ ಲೋಕಗಳ ನಕ್ಷೆ ಬಿಡಿಸುವ ಗೋಜಿಲ್ಲ. ದೇವರು ಹೇಗಿದ್ದಾನೋ ಹಾಗೆ ನೀನೂ ನಡೆದುಕೊ ಅನ್ನುವುದಷ್ಟೇ ವಿಷಯ. ಮೊದಲ ಅಧ್ಯಾಯಕ್ಕೆ ಬುಡ ಮೀಕನ ಪುಸ್ತಕದ ಏಳನೇ ಅಧ್ಯಾಯದ ಕೊನೆಯ ಮೂರು ವಾಕ್ಯಗಳು. ಅದರಿಂದ ಕರುಣೆಯ 13 ಗುಣಗಳನ್ನು ತೆಗೆಯುತ್ತಾರೆ. ಮೊದಲನೆಯದೇ ನೋಡಿ. ಮನುಷ್ಯ ಪಾಪ ಮಾಡುವ ಆ ಗಳಿಗೆಯಲ್ಲೂ ಅವನ ಕೈ ಆಡುವುದು ದೇವರು ಕೊಟ್ಟ ಶಕ್ತಿಯಿಂದಲೇ. ದೇವರು ಆಗ ಆ ಶಕ್ತಿಯನ್ನು ಕಿತ್ತುಕೊಳ್ಳಬಹುದಿತ್ತು. ಕೈ ಅಲ್ಲೇ ಒಣಗಿಹೋಗುತ್ತಿತ್ತು. ಆದರೆ ಕಿತ್ತುಕೊಳ್ಳುವುದಿಲ್ಲ. ತನಗೇ ಅವಮಾನ ಮಾಡುತ್ತಿರುವವನಿಗೂ ಜೀವ ಕೊಡುತ್ತಲೇ ಇರುತ್ತಾನೆ, ಸಹಿಸುತ್ತಾನೆ. ನೀನೂ ಹಾಗೇ ಸಹಿಸಬೇಕು ಅನ್ನುತ್ತಾರೆ ಕಾರ್ಡೊವೆರೊ. ಎಂಥ ಮಾತು!

ಮುಂದೆ ಒಂದೊಂದು ಸೆಫಿರಾಕ್ಕೂ (ಸೆಫಿರೋತ್‌ನಲ್ಲಿ ಒಂದೊಂದಕ್ಕೂ) ಹೀಗೇ ಬರುತ್ತದೆ. ಜ್ಞಾನದ ಸೆಫಿರಾ ಬಂದಾಗ, ಯಾವ ಜೀವವನ್ನೂ ಕೀಳಾಗಿ ಕಾಣಬೇಡ, ಅಗತ್ಯ ಇಲ್ಲದೆ ಬೆಳೆಯುವ ಗಿಡವನ್ನು ಕೀಳಬೇಡ, ಅಗತ್ಯ ಇಲ್ಲದೆ ಪ್ರಾಣಿಯನ್ನು ಕೊಲ್ಲಬೇಡ ಅನ್ನುತ್ತಾರೆ. ಸೆಫಿರೋತ್‌ನ ಹತ್ತು ಹೆಸರುಗಳನ್ನು ಮರದ ಹಾಗೆ ಬಿಡಿಸಿದ ಚಿತ್ರವನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದರೆ ಇದು ಸಿಗುವುದಿಲ್ಲ. ಇಲ್ಲಿ ಒಂದೊಂದು ಹೆಸರೂ ಒಂದೊಂದು ನಡತೆಯಾಗಿ ಮನಸ್ಸಿಗೆ ಇಳಿಯುತ್ತದೆ. ಜೊತೆಗೆ ಬೇರೆ ಬೇರೆ ಕಾಲದ ಗುರುಗಳ ರುಚಿಯೂ ಬೇಕು ಅನ್ನುವವರಿಗೆ ಡೇನಿಯಲ್ ಮ್ಯಾಟ್ ಆಯ್ದು ಅನುವಾದಿಸಿದ 'ದಿ ಎಸೆನ್ಷಿಯಲ್ ಕಬ್ಬಾಲಾ' ಇದೆ. ದಿನಕ್ಕೆ ಒಂದು ಪುಟ ಓದಿದರೂ ಸಾಕು.

ಟ್ಯಾರೋ, ಅಂದರೆ ಭವಿಷ್ಯ ಹೇಳುವ ಎಲೆಗಳ, ಪುಸ್ತಕಗಳ ಪಕ್ಕದಲ್ಲಿ ಸಿಗುವ ಕಬ್ಬಾಲಾ ಪುಸ್ತಕಗಳ ವಿಷಯ ಬೇರೆ. ಹೀಬ್ರೂವಿನ 22 ಅಕ್ಷರಗಳನ್ನು ಟ್ಯಾರೋದ 22 ಎಲೆಗಳಿಗೆ ಜೋಡಿಸುವುದನ್ನು ಜನಪ್ರಿಯ ಮಾಡಿದ್ದು 19ನೇ ಶತಮಾನದ ಫ್ರೆಂಚ್ ಬರಹಗಾರ ಎಲಿಫಾಸ್ ಲೆವಿ. 1887ರಲ್ಲಿ ಲಂಡನ್ನಿನಲ್ಲಿ ಮ್ಯಾಥರ್ಸ್ ಹೊರತಂದ 'ದಿ ಕಬ್ಬಾಲಾ ಅನ್‌ವೇಲ್ಡ್' ಅಂತೂ ಲ್ಯಾಟಿನ್ ಅನುವಾದದ ಅನುವಾದ. ಡಯಾನ್ ಫಾರ್ಚೂನ್ ಅವರ 'ದಿ ಮಿಸ್ಟಿಕಲ್ ಕಬಾಲಾ' ಬಂದದ್ದು 1935ರಲ್ಲಿ. ಇವು ಯುರೋಪಿನ ಮಾಂತ್ರಿಕ ಪಂಥಗಳ ಇತಿಹಾಸಕ್ಕೆ ಸೇರಿದ ಪುಸ್ತಕಗಳು. ಆ ಇತಿಹಾಸದಲ್ಲಿ ಆಸಕ್ತಿ ಇದ್ದರೆ ಖಂಡಿತ ಓದಿ. ಯಹೂದಿಗಳ ಕಬ್ಬಾಲಾ ಇದೇ ಅಂತ ತಿಳಿದು ಓದಬೇಡಿ, ಅಷ್ಟೇ.

ನಮ್ಮ ಕಡೆಯ ಓದುಗರಿಗೆ ಇನ್ನೊಂದು ಸೆಳೆತ ಇರುತ್ತದೆ. ಸೆಫಿರೋತ್ ಅಂದ ಕೂಡಲೇ ಚಕ್ರಗಳು ನೆನಪಾಗುತ್ತವೆ. ಶೆಖಿನಾ ಅನ್ನುವ ದೇವರ ಹೆಣ್ಣುರೂಪ ಬಂದ ಕೂಡಲೇ 'ಓ, ನಮ್ಮ ಶಕ್ತಿ' ಅನ್ನಿಸುತ್ತದೆ. ಅನ್ನಿಸುವುದು ಸಹಜ, ತಪ್ಪೇನಿಲ್ಲ. ಆದರೆ ಪುಸ್ತಕ ಆರಿಸುವಾಗ ಈ ಹೋಲಿಕೆಗಳ ಮೇಲೇ ನಿಂತ ಪುಸ್ತಕವನ್ನು ದಯವಿಟ್ಟು ಬಿಡಿ. ಕಬ್ಬಾಲಾ ಬರೆದವರು ಸಬ್ಬತ್ (ವಾರದ ವಿಶ್ರಾಂತಿಯ ದಿನ) ಆಚರಿಸುತ್ತಿದ್ದವರು, ಊಟದ ನಿಯಮ ಪಾಲಿಸುತ್ತಿದ್ದವರು, ಹೀಬ್ರೂವಿನಲ್ಲಿ ಪ್ರಾರ್ಥಿಸುತ್ತಿದ್ದವರು. ಶುಕ್ರವಾರ ಸಂಜೆ ಸಬ್ಬತ್ತನ್ನು ಮದುಮಗಳಂತೆ ಬರಮಾಡಿಕೊಳ್ಳುವ ಹಾಡು ಹುಟ್ಟಿದ್ದು ಸಫೆದ್‌ನಲ್ಲೇ. ಇದನ್ನೆಲ್ಲ ಕಿತ್ತುಹಾಕಿದರೆ ಉಳಿಯುವುದು ನಮಗೆ ಮೊದಲೇ ಗೊತ್ತಿದ್ದ ವಿಷಯ. ಅದಕ್ಕೆ ಹೊಸ ಪುಸ್ತಕ ಯಾಕೆ ಬೇಕು, ಅಲ್ವಾ? ಹೋಲಿಸುವುದನ್ನು ಆಮೇಲೆ, ಎರಡೂ ಕಡೆ ಚೆನ್ನಾಗಿ ಓದಿದ ಮೇಲೆ ಮಾಡೋಣ.

ನಲವತ್ತು ತುಂಬದೆ ಓದಬಾರದಂತೆ, ಹೌದಾ ಅಂತ ಕೇಳುತ್ತಾರೆ. ಎಚ್ಚರಿಕೆ ಹಳೆಯದು. ರಥದ ದರ್ಶನವನ್ನು ಸ್ವತಃ ಅರ್ಥಮಾಡಿಕೊಳ್ಳುವ ಜ್ಞಾನಿಗಲ್ಲದೆ ಒಬ್ಬನಿಗೂ ಕಲಿಸಬೇಡಿ ಅಂತ ಯಹೂದಿಗಳ ಹಳೆಯ ಧರ್ಮನಿಯಮ ಗ್ರಂಥವಾದ ಮಿಶ್ನಾದಲ್ಲೇ ಇದೆ. ವಯಸ್ಸಿನ ಕಟ್ಟುನಿಟ್ಟು ಬಂದದ್ದು 1756ರಲ್ಲಿ, ಇವತ್ತಿನ ಉಕ್ರೇನಿನಲ್ಲಿರುವ ಬ್ರೋಡಿ ಊರಲ್ಲಿ. ಜೋಹರ್ ಹೆಸರಲ್ಲಿ ಒಂದು ಪಂಥ ದಾರಿತಪ್ಪಿದಾಗ, ಮೂವತ್ತರ ಒಳಗೆ ಜೋಹರ್ ಬೇಡ, ನಲವತ್ತರ ಒಳಗೆ ಲೂರಿಯಾ ಪಂಥದ ಬರಹ ಬೇಡ ಅಂತ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ತೀರ್ಮಾನ ಮಾಡಿದರು. ಆ ಲೂರಿಯಾ ತೀರಿಕೊಂಡಾಗ ಅವರಿಗೆ ಮೂವತ್ತೆಂಟೇ ವರ್ಷ. ಯಹೂದಿ ಸಮುದಾಯದ ಒಳಗಿರುವವರು ತಮ್ಮ ರಬ್ಬಿಯನ್ನು ಕೇಳಿಯೇ ಹೋಗಬೇಕು. ನಾವು ಹೊರಗಿನ ಓದುಗರು. ಇತಿಹಾಸ ಮತ್ತು 'ತೋಮೆರ್ ದೆವೋರಾ' ಓದುವುದಕ್ಕೆ ವಯಸ್ಸಿನ ತಡೆ ಏನೂ ಇಲ್ಲ.

ಒಂದು ವರ್ಷ ಹೀಗೆ ಓದಿದ ಮೇಲೆ ಜೋಹರ್‌ಗೆ ಬನ್ನಿ. ಆಗಲೂ ಮೊದಲು ಆರ್ಥರ್ ಗ್ರೀನ್ ಅವರ 'ಎ ಗೈಡ್ ಟು ದ ಜೋಹರ್'. ಆಮೇಲೆ ಸ್ಟ್ಯಾನ್‌ಫರ್ಡ್ ಪ್ರಕಟಿಸಿದ ಪ್ರಿಟ್ಜ್‌ಕರ್ ಆವೃತ್ತಿಯ ಮೊದಲ ಸಂಪುಟ. ಒಟ್ಟು 12 ಸಂಪುಟ, 2004ರಿಂದ 2017ರವರೆಗೆ ಬಂದವು, ಮೊದಲ ಒಂಬತ್ತು ಡೇನಿಯಲ್ ಮ್ಯಾಟ್ ಅವರದ್ದು. ಬೆಲೆ ಜಾಸ್ತಿ. ಒಂದೇ ಸಂಪುಟ ತೆಗೆದುಕೊಳ್ಳಿ, ಅಥವಾ ನಾಲ್ಕು ಜನ ಸೇರಿ ಕೊಳ್ಳಿ. ಪುಟದ ಕೆಳಗಿನ ಟಿಪ್ಪಣಿಗಳು ಎಷ್ಟೋ ಕಡೆ ಮೂಲಕ್ಕಿಂತ ಉದ್ದ ಇವೆ. ಅವನ್ನು ಹಾರಿಸಬೇಡಿ. ಪಕ್ಕದಲ್ಲಿ ಆದಿಕಾಂಡ ತೆರೆದಿರಲಿ, ಒಂದು ಸಲಕ್ಕೆ ಒಂದೇ ಭಾಗ ಓದಿ, ಆಗುವುದಾದರೆ ಜೋರಾಗಿ, ಜೊತೆಗೆ ಇನ್ನೊಬ್ಬರನ್ನು ಕೂರಿಸಿಕೊಂಡು ಓದಿ. ಯಹೂದಿಗಳು ಇಬ್ಬಿಬ್ಬರಾಗಿ ಕೂತು, ವಾದ ಮಾಡುತ್ತಾ ಓದುವ ಪದ್ಧತಿಯನ್ನೇ ಇಟ್ಟುಕೊಂಡಿದ್ದಾರೆ. ಯಾರು ಯಾವ ಪುಸ್ತಕದಿಂದ ಶುರು ಮಾಡುತ್ತೀರಿ ಅಂತ ನನಗೆ ಬರೆದು ತಿಳಿಸಿ. ಒಂದೇ ಊರಿನವರು ಇಬ್ಬರು ಸಿಕ್ಕರೆ, ಒಪ್ಪಿಗೆ ಕೇಳಿ ಪರಿಚಯ ಮಾಡಿಸುತ್ತೇನೆ.