ಹೊಳೆ ದಡವನ್ನು ಕಕ್ಕಡದಲ್ಲಿ ಅಳೆಯಿರಿ

ಕೇಳುಗರಿಗೆ ನಮಸ್ಕಾರ. ಹೊಳೆ ದಡದ ಕಟ್ಟಡ ನಿಯಮಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಿಯಮ ಅಂದ ಕೂಡಲೇ ರೇಡಿಯೊ ಕಿವಿ ಹಿಂಡಬೇಡಿ. ನಾನು ಹೇಳುವುದು ಒಂದೇ ಮಾತು. ಹೊಳೆಯ ಅಂಚನ್ನು ಬೇಸಿಗೆಯಲ್ಲಿ ಅಳೆಯಬೇಡಿ, ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಲ್ಲಿ ಅಳೆಯಿರಿ. ಜುಲೈ ಕೊನೆ, ಆಗಸ್ಟ್ ಮೊದಲ ವಾರ, ಹೊಳೆ ಎಲ್ಲಿಗೆ ಏರುತ್ತದೋ ಅದೇ ಅಂಚು.

ಇದೇನು ನನ್ನ ಹೊಸ ಸಂಶೋಧನೆ ಅಲ್ಲ. ಕಡಲ ಕರೆಗೆ ನಮ್ಮ ದೇಶದಲ್ಲಿ 1991ರಿಂದ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಅಲ್ಲಿ ಅಳತೆ ಶುರುವಾಗುವುದು ಉಬ್ಬರದ ನೀರು ಏರಿ ಬರುವ ಗೆರೆಯಿಂದ. ಅಮೆರಿಕದಲ್ಲಿ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ 1971ರಲ್ಲೇ ದಡದ ಕಾಯಿದೆ ಬಂತು. ಕಡಲಿಗಷ್ಟೇ ಅಲ್ಲ, ದೊಡ್ಡ ಹೊಳೆ, ಕೆರೆಗಳಿಗೂ. ಅಲ್ಲಿನ ಊರುಗಳು ತಮ್ಮ ದಡದ ನಿಯಮ ತಾವೇ ಬರೆದು, ಕೆಲವು ವರ್ಷಕ್ಕೊಮ್ಮೆ ತಿದ್ದಬೇಕು. ನೀರಿನ ಗುರುತಿನಿಂದ 200 ಅಡಿ ಈಚೆಗೂ ಆ ನಿಯಮ ನಡೆಯುತ್ತದೆ. ಗುರುತು ಹುಡುಕುವುದು ಹೇಗೆ ಗೊತ್ತಾ? ಮಣ್ಣು ನೋಡಿ, ಗಿಡ ನೋಡಿ. ನೀರು ಮತ್ತೆ ಮತ್ತೆ ಬಂದುಹೋಗುವ ಜಾಗದ ಹುಲ್ಲೇ ಬೇರೆ ಇರುತ್ತದೆ.

ನಮ್ಮಲ್ಲಿ ಹೇಗೆ ಅಂತ ಹೇಳ್ತೇನೆ ಕೇಳಿ. ಕುಶಾಲನಗರದ ಹತ್ತಿರ ಪರಿಚಯದ ಗಂಡ ಹೆಂಡತಿ ಸೈಟು ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಮಾರ್ಚ್ ತಿಂಗಳು. ಕಾವೇರಿ ಬಂಡೆಗಳ ಮಧ್ಯೆ ಮೊಣಕಾಲುದ್ದ ಹರಿಯುತ್ತಿದ್ದಳು. ಬ್ರೋಕರ್ ನೀರಿನ ಅಂಚಿಗೆ ಟೇಪು ಹಿಡಿದು ಎಳೆಯುತ್ತಾ ಬಂದ. "ನೋಡಿ ಸಾರ್, ಎಷ್ಟು ದೂರ! ರೂಲ್ಸ್ ಪ್ರಕಾರ ಪಕ್ಕಾ" ಅಂದ. ಅಲ್ಲೇ ಸೌದೆ ಆಯುತ್ತಿದ್ದ ಅಜ್ಜಿಯೊಬ್ಬರು ಸೊಂಟ ನೆಟ್ಟಗೆ ಮಾಡಿಕೊಂಡು, "ಮೇಲೆ ನೋಡಿ" ಅಂದರು. ಹೊಂಗೆ ಮರದ ಕೊಂಬೆ, ನಮ್ಮ ತಲೆಗಿಂತ ಎತ್ತರ. ಅದರಲ್ಲಿ ಹರಿದ ಗೊಬ್ಬರದ ಚೀಲ, ಮಗುವಿನ ಒಂಟಿ ಚಪ್ಪಲಿ, ಒಣಹುಲ್ಲಿನ ಮುದ್ದೆ. ಯಾರೂ ಹತ್ತಿ ಕಟ್ಟಿದ್ದಲ್ಲ, ಹೊಳೆಯೇ ಸಿಕ್ಕಿಸಿ ಹೋಗಿದ್ದು. ಬ್ರೋಕರ್ ಬಿಡಲಿಲ್ಲ. "ಅದು 2018ರದ್ದು ಅಜ್ಜಿ, ಅಂಥಾ ಮಳೆ ಇನ್ನು ಬರಲ್ಲ." ಅಜ್ಜಿ ಸೌದೆ ಹೊರೆ ಎತ್ತಿಕೊಳ್ಳುತ್ತಾ, "ಅದು ಆಚೆ ಕೊಂಬೆ ಮಾರಾಯಾ. ಇದು ಮರುವರ್ಷದ್ದು" ಅಂದರು. ಆ ಚೀಲದ ಮಟ್ಟಕ್ಕೆ ನಾನು ಕಣ್ಣಳತೆ ಹಿಡಿದೆ. ಗೆರೆ ಸೈಟನ್ನು ದಾಟಿ ಆಚೆ ರಸ್ತೆಗೆ ಮುಟ್ಟಿತು. ಅಂದರೆ ಆತ ಮಾರುತ್ತಿದ್ದದ್ದು ಹೊಳೆಯನ್ನೇ! ಟೇಪು ಮಾತ್ರ ಸರಿಯಾಗಿಯೇ ಇತ್ತು, ಹಿಡಿದ ತಿಂಗಳು ತಪ್ಪು.

ಸಮಯ ಆಯ್ತು ಅಂತ ಒಳಗಿನಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡ್ತೇನೆ. 2018, 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದು ನಿಮಗೇ ಗೊತ್ತು. ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಹೊಳೆಯೂ ತುಂಬಿ ಬಂದು ಕಾವೇರಿಗೆ ಸೇರಿದರೆ ಮೇಲಿನ ನೀರು ಬೇಗ ಇಳಿಯುವುದಿಲ್ಲ. ಕರಡಿಗೋಡು, ನೆಲ್ಯಹುದಿಕೇರಿ ದಡದಲ್ಲಿ ಮನೆ ಕಳೆದುಕೊಂಡವರಲ್ಲಿ ತೋಟದ ಕೂಲಿಯವರು ಜಾಸ್ತಿ. ಅವರು ಹೊಳೆಯ ಅಂದ ನೋಡಲು ಅಲ್ಲಿಗೆ ಹೋದವರಲ್ಲ. ಮೊದಲು ಬೇರೆ ಕಡೆ ಜಾಗ ಕೊಡಿ, ಆಮೇಲೆ ಏಳಿಸಿ. ರೆಸಾರ್ಟ್ ಕಟ್ಟುವವರಿಗೆ ಈ ದಾಕ್ಷಿಣ್ಯ ಬೇಡ.

ತಡೆಗೋಡೆ ಕಟ್ಟಿದರಾಯ್ತು ಅನ್ನುವವರಿಗೆ ಕೇಳ್ತೇನೆ: ಇತ್ತ ತಡೆದ ನೀರು ಎತ್ತ ಹೋಗಬೇಕು? ಎದುರು ದಡದವರ ಮನೆಗೆ, ಅಲ್ವಾ? ಹೊಳೆಮತ್ತಿ, ಹೊಂಗೆ, ಬಿದಿರು ಇದ್ದರೆ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಅದನ್ನು ಕಡಿದು ಕಾಂಕ್ರೀಟ್ ಸುರಿಯುವುದಕ್ಕೆ ಇಷ್ಟು ಅವಸರ ಯಾಕೋ!

ನಿಮ್ಮ ಊರಿನ ಮಾಸ್ಟರ್ ಪ್ಲಾನ್ ತಿದ್ದುವಾಗ ಕರಡು ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಸುಮ್ನೆ ಕೂರಬೇಡಿ. ನಕ್ಷೆ ತೆಗೆಸಿ, ಹೊಳೆಯ ಗೆರೆ ಮೇಲೆ ಬೆರಳಿಟ್ಟು, "ಇದನ್ನು ಯಾವ ತಿಂಗಳಲ್ಲಿ ಅಳೆದಿರಿ?" ಅಂತ ಕೇಳಿ. ಉತ್ತರ ಬಾಯಲ್ಲಿ ಬೇಡ, ಬರೆದು ಕೊಡಿ ಅನ್ನಿ. ನಮಸ್ಕಾರ.