ಮೊಲದ ಮರಿಗೆ ಮರದ ಸೊಪ್ಪು

ಕೇಳುಗರೇ, ನಮಸ್ಕಾರ.

ಶಿರಸಿ ಸೀಮೆಯ ತೋಟದವರಿಗೆ ಸೊಪ್ಪು ಹೊಸದಲ್ಲ. ಸೊಪ್ಪಿನ ಬೆಟ್ಟದಿಂದ ಹೊರೆ ತಂದು ಕೊಟ್ಟಿಗೆಗೆ ಹಾಸಿ ಬೆಳೆದವರು ನಾವು. ಹಾಗಾಗಿ ಮೊಲ ಸಾಕಲು ಶುರು ಮಾಡಿದಾಗ, ಮರಿಗೆ ಸೊಪ್ಪು ಹಾಕುವುದನ್ನು ಯಾರ ಹತ್ತಿರವೂ ಕೇಳಲಿಲ್ಲ. ಅದರಿಂದ 6 ಮರಿ ಕಳೆದುಕೊಂಡೆ.

ಆಷಾಢದ ಮಳೆ. ಮರಿಗಳಿಗೆ 5 ವಾರ. ತಾಯಿಯಿಂದ ಬೇರೆ ಮಾಡಿದ ದಿನವೇ ಹಿತ್ತಲಿನ ಹಿಪ್ಪುನೇರಳೆ ಕೊಯ್ದು, ನೀರು ಸೋರುತ್ತಿದ್ದ ಹಾಗೇ ಗೂಡಿಗೆ ಹಾಕಿದೆ. ಮುಗಿಬಿದ್ದು ತಿಂದವು. ಮರುದಿನ ಮೂಲೆಯಲ್ಲಿ ಮುದುಡಿ ಕೂತಿದ್ದವು. ಎತ್ತಿಕೊಂಡರೆ ಹೊಟ್ಟೆ ಚೆಂಡೆಯ ಹಾಗೆ ಬಿಗಿದಿತ್ತು, ಹಿಂಗಾಲಿನ ಕೂದಲೆಲ್ಲ ಬೇಧಿಯಿಂದ ಅಂಟಂಟು.

ಹಿಪ್ಪುನೇರಳೆಯದು ತಪ್ಪಲ್ಲ, ಅದು ಮೊಲಕ್ಕೆ ಬಹಳ ಒಳ್ಳೆಯ ಸೊಪ್ಪು. ಮರಿ ಸುಮಾರು 3 ವಾರಕ್ಕೆ ಎಲೆ ಕಚ್ಚಲು ಕಲಿಯುತ್ತದೆ. ನಾರು ಕರಗಿಸುವ ಸೂಕ್ಷ್ಮಜೀವಿಗಳು ಅದರ ಕರುಳಿನಲ್ಲಿ ನಿಧಾನವಾಗಿ ನೆಲೆಯಾಗಬೇಕು. ನಾನು ಒಂದೇ ದಿನ ಹಾಲು ಬಿಡಿಸಿದೆ, ಹೊಸ ಸೊಪ್ಪು ಕೊಟ್ಟೆ, ಅದೂ ಹಸಿ ಹಸಿ. ಪುಟ್ಟ ಹೊಟ್ಟೆ ಹೇಗೆ ತಡೆದೀತು?

ಈಗ ತಾಯಿಯ ಜೊತೆ ಇರುವಾಗಲೇ ಆ ಸೊಪ್ಪಿನ ರುಚಿ ಹತ್ತಿಸುತ್ತೇನೆ. ಮರಿಗೆ ಒಂದೆರಡು ಎಲೆಯಿಂದ ಶುರು, ಹತ್ತು ದಿನ ಮೆಲ್ಲಗೆ ಹೆಚ್ಚಿಸುವುದು. ಕರಡ, ಅಂದರೆ ಒಣಗಿದ ಹುಲ್ಲು ಮಾತ್ರ ಯಾವಾಗಲೂ ಇರಬೇಕು. ಮಳೆಗಾಲದಲ್ಲಿ ಹಿಂದಿನ ದಿನವೇ ಸೊಪ್ಪು ಕೊಯ್ದು, ಸಣ್ಣ ಸಣ್ಣ ಕಟ್ಟು ಮಾಡಿ, ಗಾಳಿಯಾಡುವ ಜಗಲಿಯಲ್ಲಿ ತೂಗುಹಾಕುತ್ತೇನೆ. ರಾಶಿ ಹಾಕಿದರೆ ಬಿಸಿಯಾಗಿ ಬೂಸ್ಟು ಬರುತ್ತದೆ. ಬೆಳಿಗ್ಗೆ ಮುಷ್ಟಿಯಲ್ಲಿ ಹಿಸುಕಿದರೆ ಅಂಗೈಗೆ ನೀರು ಹತ್ತಬಾರದು. ಗೂಡಿನಲ್ಲೂ ಕಟ್ಟನ್ನು ಮೇಲಿಂದ ನೇತುಹಾಕಿ. ಕೆಳಗೆ ಬಿದ್ದು ಉಚ್ಚೆ, ಹಿಕ್ಕೆ ತಾಗಿದ ಎಲೆಯಿಂದ ರೋಗ ಬರುತ್ತದೆ.

ನುಗ್ಗೆ, ಹಲಸಿನ ಎಲೆ ಕೊಡಬಹುದು. ಸುಬಾಬುಲ್ ಜಾಸ್ತಿಯಾದರೆ ಕೂದಲು ಉದುರುತ್ತದೆ. ಕಣಗಿಲೆ, ಬೆಣ್ಣೆಹಣ್ಣಿನ ಎಲೆ ವಿಷ, ಬೇಡವೇ ಬೇಡ. ಇನ್ನೊಂದು ಮಾತು ತೋಟದವರಿಗೆ: ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ದ್ರಾವಣ ಹೊಡೆದ ಅಡಿಕೆ ಮರದ ಬುಡದಲ್ಲಿರುವ ಗಿಡದ ಸೊಪ್ಪು ಕೊಯ್ಯಬೇಡಿ. ಮೇಲಿಂದ ಮೈಲುತುತ್ತಿನ ನೀರು ತೊಟ್ಟಿಕ್ಕಿರುತ್ತದೆ, ಅಲ್ವಾ?

ದಿನಾ ಬೆಳಿಗ್ಗೆ ಗೂಡಿನ ಕೆಳಗೆ ಬಗ್ಗಿ ನೋಡಿ. ಹಿಕ್ಕೆ ಗುಂಡಗೆ, ಗಟ್ಟಿ ಇದ್ದರೆ ಇನ್ನೆರಡು ಎಲೆ ಸೇರಿಸಿ. ಮೆತ್ತಗಾಗಿದ್ದರೆ ಆವತ್ತು ಕರಡ, ನೀರು ಅಷ್ಟೇ. ನಮಸ್ಕಾರ.